ಬಾನುಲಿಯ ಕೋಣೆಯಲ್ಲಿ ಬೀಸಣಿಗೆಯ ಸದ್ದು

1901ನೆಯ ಇಸವಿಯಲ್ಲಿ ಪಡುಗಡಲಿನ ದಂಡೆಯ ಕಾಪು ಎಂಬಲ್ಲಿ, ನೀರಿನ ಅಂಚಿನ ಹೆಬ್ಬಂಡೆಯ ಮೇಲೆ ಒಂದು ದೀಪಸ್ತಂಭವು ತಲೆಯೆತ್ತಿತು. ನಾವಿಕರಿಗೆ ದಾರಿ ತೋರುವ ಅದರ ಬೆಳಕು ಕಣ್ಣಿಗೆ ಕಾಣುವಷ್ಟು ದೂರಕ್ಕೆ ಮಾತ್ರ ಸಾಗಬಲ್ಲುದು. ಅದೇ ವರ್ಷದ ಡಿಸೆಂಬರ್ ತಿಂಗಳಿನಲ್ಲಿ, ಭೂಮಂಡಲದ ಇನ್ನೊಂದು ಮೂಲೆಯಾದ ನ್ಯೂಫೌಂಡ್‌ಲ್ಯಾಂಡಿನ ಗುಡ್ಡದ ಮೇಲೆ ಮಾರ್ಕೋನಿ ಎಂಬ ತರುಣನು ಗಾಳಿಪಟಕ್ಕೆ ತಂತಿಯನ್ನು ಕಟ್ಟಿ ಹಾರಿಸಿ, ಕಿವಿಗೆ ಪುಟ್ಟ ಟೆಲಿಫೋನನ್ನು ಒತ್ತಿಕೊಂಡು ಕುಳಿತಿದ್ದನು. ಅಟ್ಲಾಂಟಿಕ್ ಸಾಗರದಾಚೆಯ ಇಂಗ್ಲೆಂಡಿನಿಂದ ಹೊರಟ ಮೂರು ಚಿಕ್ಕ ಟಿಕ್ ಸದ್ದುಗಳು ತನಗೆ ಕೇಳಿಸಿದುವೆಂದು ಅವನು ಜಗತ್ತಿಗೆ ತಿಳಿಸಿದನು. ಬಾನುಲಿಯ ಇತಿಹಾಸದ ಈ ಪ್ರಸಿದ್ಧ ಪ್ರಸಂಗದಲ್ಲಿ ಗಮನಿಸತಕ್ಕ ಅಂಶವೊಂದುಂಟು. ಕಳುಹಿಸುವ ಯಂತ್ರವು ಎಷ್ಟೇ ಬಲಶಾಲಿಯಾಗಿದ್ದರೂ, ಕೊನೆಗೆ ಎಲ್ಲವೂ ಒಂದು ಕಿವಿಯು ಅತಿ ಕ್ಷೀಣವಾದ ದನಿಯನ್ನು ಕೇಳಬಲ್ಲುದೇ ಎಂಬುದನ್ನೇ ಅವಲಂಬಿಸಿತ್ತು.

ಮಾರ್ಕೋನಿಯ ಬಳಿಕ ಬಾನುಲಿಯು ಬೆಳೆದು ದೊಡ್ಡದಾಯಿತು. ಸರಕಾರಗಳೂ ವ್ಯಾಪಾರ ಸಂಸ್ಥೆಗಳೂ ಅದನ್ನು ಬಳಸತೊಡಗಿದುವು. ಅದರ ಜೊತೆಜೊತೆಗೆ, ಹಣದಾಸೆಯಿಲ್ಲದೆ ಕೇವಲ ಕಲಿಯುವ ಸಂತೋಷಕ್ಕಾಗಿ ಬಾನುಲಿ ಯಂತ್ರಗಳನ್ನು ಕಟ್ಟಿ, ದೇಶ ದೇಶಗಳ ಸಂಗಡಿಗರೊಡನೆ ಮಾತನಾಡುವವರ ಗುಂಪೊಂದೂ ಬೆಳೆಯಿತು. ಇವರನ್ನು ಹವ್ಯಾಸಿ ಬಾನುಲಿಗಾರರು ಅಥವಾ ಹ್ಯಾಮ್‌ಗಳು ಎಂದು ಕರೆಯುತ್ತಾರೆ. ಇವರು ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಸರಕಾರದಿಂದ ಪರವಾನಗಿಯನ್ನು ಪಡೆಯಬೇಕು. ಪ್ರತಿಯೊಬ್ಬರಿಗೂ ಒಂದೊಂದು ಗುರುತಿನ ಸಂಕೇತ ದೊರೆಯುತ್ತದೆ. ಭಾರತೀಯರ ಸಂಕೇತಗಳು ಸಾಮಾನ್ಯವಾಗಿ ‘ವಿ.ಯು.’ ಎಂಬ ಅಕ್ಷರಗಳಿಂದ ಆರಂಭವಾಗುತ್ತವೆ.

ಇದು ಬರಿಯ ವಿನೋದವೆಂದು ತಿಳಿಯಲಾಗದು. 2004ನೆಯ ಇಸವಿಯ ಡಿಸೆಂಬರ್ 26ರಂದು ಸುನಾಮಿಯ ಹೆದ್ದೆರೆಗಳು ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳನ್ನು ಅಪ್ಪಳಿಸಿದಾಗ, ಹವ್ಯಾಸಿ ಪ್ರಸಾರಕ್ಕೆಂದು ಆ ಮೊದಲೇ ಅಲ್ಲಿಗೆ ಹೋಗಿದ್ದ ಭಾರತಿ ಪ್ರಸಾದ್ ಅವರು ಪೋರ್ಟ್ ಬ್ಲೇರಿನಿಂದ ಬಾನುಲಿಯ ಮೂಲಕ ಸಂದೇಶಗಳನ್ನು ರವಾನಿಸಿ, ತಮ್ಮವರ ಸುದ್ದಿಗಾಗಿ ಕಾತರಿಸುತ್ತಿದ್ದ ಜನರಿಗೆ ನೆರವಾದರು. ಇಂತಹ ವೇಳೆಯಲ್ಲಿ ಒಂದು ಹೆಸರು ಅಥವಾ ಒಂದು ಅಂಕಿ ತಪ್ಪಾಗಿ ಕೇಳಿಸಿದರೂ ಒದಗಬಹುದಾದ ಅನರ್ಥವನ್ನು ಊಹಿಸಬಹುದು. ಆದುದರಿಂದ ಹವ್ಯಾಸಿಯ ಕೋಣೆಯಲ್ಲಿ ನಿಶ್ಶಬ್ದತೆ ಎಂಬುದು ಸುಖದ ಸಾಧನವಲ್ಲ; ಅದು ಕೆಲಸದ ಸಲಕರಣೆ. ಆ ನಿಶ್ಶಬ್ದತೆಯನ್ನು ಕೆಡಿಸುವ ಶತ್ರುವು ಹಲವು ಸಲ ಹೊರಗಿನಿಂದ ಬರುವುದಿಲ್ಲ. ಅದು ಮೇಜಿನ ಮೇಲೆಯೇ ಇರುತ್ತದೆ. ಯಂತ್ರವನ್ನು ತಂಪಾಗಿಸುವ ಫ್ಯಾನಿನ ಸದ್ದೇ ಅದು.

ಫ್ಯಾನು ಏತಕ್ಕೆ ಬೇಕೆಂಬುದನ್ನು ಮೊದಲು ತಿಳಿಯಬೇಕು. ಹವ್ಯಾಸಿಯ ಮಾತನ್ನು ವಿದ್ಯುತ್ಕಾಂತ ಅಲೆಗಳನ್ನಾಗಿ ಮಾರ್ಪಡಿಸುವ ಯಂತ್ರವು ಪ್ರೇಷಕ. ಅದರಿಂದ ಹೊರಡುವ ಶಕ್ತಿಯು ಸಾಮಾನ್ಯವಾಗಿ 100 ವಾಟ್ ಅಥವಾ ಅದಕ್ಕೂ ಕಡಿಮೆ. ವಾತಾವರಣವು ಅನುಕೂಲವಾಗಿಲ್ಲದಾಗ ಈ ಶಕ್ತಿಯನ್ನು ಹೆಚ್ಚಿಸಲು ಆಂಪ್ಲಿಫೈಯರ್ ಅಥವಾ ವರ್ಧಕವೆಂಬ ಇನ್ನೊಂದು ಯಂತ್ರವನ್ನು ಜೋಡಿಸುವುದುಂಟು. ಭಾರತದಲ್ಲಿ 1978ರ ನಿಯಮಗಳು ಅತ್ಯುನ್ನತ ದರ್ಜೆಯ ಪರವಾನಗಿದಾರರಿಗೆ 400 ವಾಟ್‌ಗಳ ಮಿತಿಯನ್ನು ವಿಧಿಸಿದುವು. ಆದರೆ ಯಾವ ವರ್ಧಕವೂ ತಾನು ಪಡೆದ ವಿದ್ಯುತ್ತನ್ನೆಲ್ಲ ಅಲೆಗಳನ್ನಾಗಿ ಪರಿವರ್ತಿಸಲಾರದು. 400 ವಾಟ್‌ಗಳನ್ನು ಹೊರಗೆ ಕಳುಹಿಸುವ ಸಾಧಾರಣ ವರ್ಧಕವು ಸುಮಾರು 700 ವಾಟ್‌ಗಳನ್ನು ಒಳಗೆ ತೆಗೆದುಕೊಳ್ಳುತ್ತದೆ. ಉಳಿದ 300 ವಾಟ್ ಉಷ್ಣವಾಗಿ ಮಾರ್ಪಡುತ್ತದೆ. ಚಿಕ್ಕದೊಂದು ಇಸ್ತ್ರಿಪೆಟ್ಟಿಗೆಯ ಉಷ್ಣವನ್ನು ಪೆಟ್ಟಿಗೆಯೊಳಗೆ ಮುಚ್ಚಿಟ್ಟಂತೆ ಇದು. ಈ ಉಷ್ಣವನ್ನು ಹೊರಗೆ ಸಾಗಿಸದಿದ್ದರೆ ಟ್ರಾನ್ಸಿಸ್ಟರುಗಳು ಸುಟ್ಟುಹೋಗುತ್ತವೆ. ಹಾಗೆ ಸುಟ್ಟುಹೋಗದಿದ್ದರೂ ಯಂತ್ರದ ಆಯುಸ್ಸು ಕುಗ್ಗುತ್ತದೆ. ವಿದ್ಯುತ್ ಸರಬರಾಜಿನ ಭಾಗದಲ್ಲಿರುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳ ಆಯುಸ್ಸು ಉಷ್ಣತೆಯು 10 ಡಿಗ್ರಿ ಏರಿದಂತೆಲ್ಲ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ತಂತ್ರಜ್ಞರ ರೂಢಿಯ ಲೆಕ್ಕ.

ಫ್ಯಾನು ತಂಪನ್ನು ಉಂಟುಮಾಡುತ್ತದೆ ಎಂಬ ಭಾವನೆ ಜನರಲ್ಲಿದೆ. ಇದು ಪೂರ್ತಿ ಸರಿಯಲ್ಲ. ಬೇಸಗೆಯ ಸೆಕೆಯಲ್ಲಿ ಉಡುಪಿಯ ಮನೆಯೊಂದರಲ್ಲಿ ಫ್ಯಾನಿನ ಕೆಳಗೆ ಕುಳಿತವನಿಗೆ ಹಾಯೆನಿಸುವುದು ಅವನ ಮೈಯ ಬೆವರು ಬೇಗನೆ ಆರುವುದರಿಂದ. ಕೋಣೆಯ ಗಾಳಿಯ ಉಷ್ಣತೆಯೇನೂ ಇಳಿದಿರುವುದಿಲ್ಲ. ಗಾಳಿಯಲ್ಲಿ ತೇವವು ಹೆಚ್ಚಾದಾಗ ಬೆವರು ಆರದೆ ಫ್ಯಾನಿನ ಕೆಳಗೂ ಸಂಕಟವಾಗುತ್ತದೆ. ಆದರೆ ಲೋಹವು ಬೆವರುವುದಿಲ್ಲ. ಆದುದರಿಂದ ಕರಾವಳಿಯ ತೇವವು ವರ್ಧಕವು ತಣಿಯುವುದಕ್ಕೆ ಅಷ್ಟಾಗಿ ಅಡ್ಡಿಮಾಡುವುದಿಲ್ಲ. ಅಡ್ಡಿಮಾಡುವುದು ಗಾಳಿಯ ಉಷ್ಣತೆ. ಫ್ಯಾನು ಎಷ್ಟೇ ರಭಸದಿಂದ ತಿರುಗಿದರೂ ಲೋಹವನ್ನು ಕೋಣೆಯ ಗಾಳಿಗಿಂತ ತಂಪಾಗಿಸಲಾರದು. ಅದರ ಕೆಲಸ ಸಾಗಣೆಯ ಕೆಲಸ. ಬಿಸಿಯಾದ ಗಾಳಿಯನ್ನು ಹೊರಗೆ ಹಾಕಿ, ಅಷ್ಟು ಬಿಸಿಯಲ್ಲದ ಗಾಳಿಯನ್ನು ಒಳಗೆ ತರುವುದಷ್ಟೆ.

ಎಷ್ಟು ಗಾಳಿ ಬೇಕೆಂಬುದನ್ನು ಸುಲಭವಾದ ಲೆಕ್ಕದಿಂದ ಕಂಡುಹಿಡಿಯಬಹುದು. ಒಂದು ಘನ ಮೀಟರ್ ಗಾಳಿಯನ್ನು ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಮಾಡಲು ಸುಮಾರು 1200 ಜೂಲ್ ಶಕ್ತಿ ಬೇಕು. ವರ್ಧಕದಿಂದ ಹೊರಬರುವ ಗಾಳಿಯು 50 ಡಿಗ್ರಿಯನ್ನು ಮೀರಬಾರದೆಂದು ಇಟ್ಟುಕೊಳ್ಳೋಣ. ಚಳಿಯ ದೇಶದ ಕೋಣೆಯೊಂದರಲ್ಲಿ ಉಷ್ಣತೆಯು 20 ಡಿಗ್ರಿ ಇದ್ದರೆ ಗಾಳಿಯು 30 ಡಿಗ್ರಿ ಏರಲು ಅವಕಾಶವಿದೆ. ಆಗ 300 ವಾಟ್ ಉಷ್ಣವನ್ನು ಹೊರಸಾಗಿಸಲು ಸೆಕೆಂಡಿಗೆ ಸುಮಾರು 8 ಲೀಟರ್ ಗಾಳಿ ಸಾಕು. ಆದರೆ ಏಪ್ರಿಲ್ ಅಥವಾ ಮೇ ತಿಂಗಳಿನಲ್ಲಿ ಉಡುಪಿಯ ಕೋಣೆಯೊಂದರ ಉಷ್ಣತೆ 35 ಡಿಗ್ರಿ ಇದ್ದರೆ, ಉಳಿಯುವ ಅವಕಾಶ 15 ಡಿಗ್ರಿ ಮಾತ್ರ. ಅದೇ ಉಷ್ಣಕ್ಕೆ ಈಗ ಸೆಕೆಂಡಿಗೆ ಸುಮಾರು 17 ಲೀಟರ್ ಗಾಳಿ ಬೇಕು. ಎಂದರೆ ತಂಪು ನಾಡಿನಲ್ಲಿ ಮೆಲುದನಿಯ ಯಂತ್ರವೆಂದು ಹೆಸರು ಪಡೆದ ವರ್ಧಕವು ಕರಾವಳಿಗೆ ಬಂದೊಡನೆ ಎರಡರಷ್ಟು ಗಾಳಿಯನ್ನು ಬೇಡುತ್ತದೆ. ಅದರ ಫ್ಯಾನು ಎರಡು ಪಟ್ಟು ವೇಗದಿಂದ ತಿರುಗಬೇಕಾಗುತ್ತದೆ. ಮೆಲುದನಿಯು ಅಬ್ಬರವಾಗುತ್ತದೆ.

ಈ ಅಬ್ಬರದಿಂದ ಎರಡು ಬಗೆಯ ಹಾನಿಯುಂಟು. ಮೊದಲನೆಯದು ಕಿವಿಗೆ ಸಂಬಂಧಿಸಿದುದು. ಕಾಪುವಿನ ದೀಪಸ್ತಂಭದ ಬುಡದಲ್ಲಿ ಮಳೆಗಾಲದ ತೆರೆಗಳು ಬಂಡೆಗೆ ಬಡಿಯುತ್ತಿರುವಾಗ, ಪಕ್ಕದಲ್ಲಿ ನಿಂತವನು ಹೇಳುವ ಮಾತು ಕೂಡ ತಿಳಿಯುವುದಿಲ್ಲ. ಮಾತು ನಿಂತಿಲ್ಲ, ದೊಡ್ಡ ಸದ್ದು ಅದನ್ನು ಮರೆಮಾಡಿದೆ. ಫ್ಯಾನಿನ ಸದ್ದು ಸಹ ದೂರದ ದನಿಯನ್ನು ಹೀಗೆಯೇ ಮರೆಮಾಡುತ್ತದೆ. ಎರಡು ಸದ್ದುಗಳ ಕಂಪನಸಂಖ್ಯೆಗಳು ಹತ್ತಿರವಾಗಿದ್ದಷ್ಟೂ ಈ ಮರೆಮಾಡುವಿಕೆ ಬಲವಾಗಿರುತ್ತದೆ. ಎರಡನೆಯ ಹಾನಿ ಧ್ವನಿಗ್ರಾಹಕದಿಂದ, ಎಂದರೆ ಮೈಕಿನಿಂದ ಉಂಟಾಗುವುದು. ಮೈಕು ಮಾತನ್ನೂ ಗಾಳಿಯ ಸದ್ದನ್ನೂ ಬೇರ್ಪಡಿಸದೆ ಒಟ್ಟಿಗೆ ಹಿಡಿದು ಕಳುಹಿಸುತ್ತದೆ. ಹೀಗೆ ಉಡುಪಿಯ ಫ್ಯಾನಿನ ಸದ್ದು ಸಾವಿರಾರು ಕಿಲೋಮೀಟರ್ ದೂರದ ಕೇಳುಗನನ್ನೂ ಪೀಡಿಸುತ್ತದೆ.

ಹವ್ಯಾಸಿಗಳು ಮಾತಿಗಾಗಿ ಬಳಸುವ ಯಂತ್ರಗಳು ಸುಮಾರು 300ರಿಂದ 3000 ಹರ್ಟ್ಸ್‌ವರೆಗಿನ ಧ್ವನಿಯನ್ನು ಮಾತ್ರ ಸಾಗಿಸುತ್ತವೆ. ಫ್ಯಾನಿನ ಸದ್ದು ಈ ಮೇರೆಯೊಳಗೆ ಬರುವುದೇ ಇಲ್ಲವೇ ಎಂಬುದನ್ನು ಲೆಕ್ಕದಿಂದ ಅರಿಯಬಹುದು. ಏಳು ಎಲೆಗಳುಳ್ಳ ಫ್ಯಾನು ನಿಮಿಷಕ್ಕೆ 3000 ಸಲ ತಿರುಗಿದರೆ ಸೆಕೆಂಡಿಗೆ 50 ಸುತ್ತುಗಳಾದುವು. ಒಂದು ಸುತ್ತಿಗೆ ಏಳರಂತೆ, ಸೆಕೆಂಡಿಗೆ 350 ಸಲ ಎಲೆಗಳು ಎದುರಿನ ತಡೆಯನ್ನು ದಾಟುತ್ತವೆ. ಆದುದರಿಂದ 350 ಹರ್ಟ್ಸ್‌ನ ಸ್ವರವೊಂದು ಹೊರಡುತ್ತದೆ. ಅದು ಮಾತಿನ ಮೇರೆಯೊಳಗೇ ಇದೆ. ಅದೇ ಫ್ಯಾನು ನಿಮಿಷಕ್ಕೆ 1200 ಸಲ ತಿರುಗಿದರೆ ಹೊರಡುವ ಸ್ವರವು 140 ಹರ್ಟ್ಸ್. ಇದು ಮೇರೆಯ ಹೊರಗಿದ್ದು, ಯಂತ್ರವು ಅದನ್ನು ಬಹುಮಟ್ಟಿಗೆ ತಡೆಹಿಡಿಯುತ್ತದೆ. ನಿಧಾನವಾಗಿ ತಿರುಗುವುದರ ಮೊದಲ ಲಾಭ ಇಲ್ಲಿ ಕಾಣುತ್ತದೆ.

ಇದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಫ್ಯಾನಿನ ವೇಗಕ್ಕೂ ಅದರ ಗುಣಗಳಿಗೂ ಇರುವ ಸಂಬಂಧವನ್ನು ತಂತ್ರಜ್ಞರು ಕೆಲವು ಸೂತ್ರಗಳಲ್ಲಿ ಹೇಳಿದ್ದಾರೆ. ವೇಗವು ಅರ್ಧವಾದರೆ ಗಾಳಿಯ ಪ್ರಮಾಣವೂ ಅರ್ಧವಾಗುತ್ತದೆ. ಗಾಳಿಯನ್ನು ತಳ್ಳುವ ಒತ್ತಡವು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಬೇಕಾಗುವ ಶಕ್ತಿಯು ಎಂಟನೆಯ ಒಂದು ಭಾಗವಾಗುತ್ತದೆ. ಸದ್ದು ಮಾತ್ರ ಸುಮಾರು 15 ಡೆಸಿಬೆಲ್‌ಗಳಷ್ಟು ತಗ್ಗುತ್ತದೆ. ಡೆಸಿಬೆಲ್ ಎಂಬುದು ಸದ್ದಿನ ಮಟ್ಟವನ್ನು ಅಳೆಯುವ ಮಾನ. 10 ಡೆಸಿಬೆಲ್ ತಗ್ಗಿದ ಸದ್ದು ಕಿವಿಗೆ ಸರಿಸುಮಾರು ಅರ್ಧವಾದಂತೆ ತೋರುತ್ತದೆ. ಗಾಳಿಯ ನಷ್ಟವು ಸಣ್ಣದು, ಸದ್ದಿನ ಲಾಭವು ದೊಡ್ಡದು ಎಂಬ ಈ ವಿಷಮತೆಯೇ ಎಲ್ಲ ಉಪಾಯಗಳಿಗೂ ಮೂಲ.

ಈಗ ಒಂದು ಫ್ಯಾನಿನ ಸ್ಥಳದಲ್ಲಿ ಅಂತಹವೇ ಎರಡು ಫ್ಯಾನುಗಳನ್ನು ಅಕ್ಕಪಕ್ಕದಲ್ಲಿ ಇಟ್ಟು, ಎರಡನ್ನೂ ಅರ್ಧ ವೇಗದಿಂದ ತಿರುಗಿಸಿದರೆ ಏನಾಗುವುದು? ಗಾಳಿಗೆ ಹೆಚ್ಚಿನ ತಡೆಯಿಲ್ಲದಿದ್ದರೆ ಒಟ್ಟು ಗಾಳಿಯು ಮೊದಲಿನಷ್ಟೇ ಆಗುತ್ತದೆ. ಒಂದೊಂದರ ಸದ್ದು 15 ಡೆಸಿಬೆಲ್ ಇಳಿದಿದೆ. ಸಮಾನವಾದ ಎರಡು ಸದ್ದುಗಳು ಕೂಡಿದಾಗ 3 ಡೆಸಿಬೆಲ್ ಮಾತ್ರ ಏರುತ್ತದೆ. ಆದುದರಿಂದ 12 ಡೆಸಿಬೆಲ್ ಲಾಭವಾಗಿಯೇ ಉಳಿಯುತ್ತದೆ. ಫ್ಯಾನನ್ನು ದೊಡ್ಡದು ಮಾಡುವುದು ಇನ್ನೊಂದು ಮಾರ್ಗ. 80 ಮಿಲಿಮೀಟರ್ ಫ್ಯಾನಿಗೆ ಬದಲಾಗಿ ಅದೇ ರೂಪದ 120 ಮಿಲಿಮೀಟರ್ ಫ್ಯಾನನ್ನು ಬಳಸಿದರೆ, ಅಷ್ಟೇ ಗಾಳಿಗೆ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ ವೇಗ ಸಾಕು. ಸದ್ದು ಸುಮಾರು 14 ಡೆಸಿಬೆಲ್ ತಗ್ಗುತ್ತದೆ.

ಆದರೆ ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ನಿಧಾನವಾದ ಫ್ಯಾನಿಗೆ ತಳ್ಳುವ ಬಲ ಕಡಿಮೆ. ವರ್ಧಕದಲ್ಲಿ ಉಷ್ಣವನ್ನು ಹೀರಲು ಹೀಟ್ ಸಿಂಕ್ ಎಂಬ, ಅನೇಕ ರೆಕ್ಕೆಗಳುಳ್ಳ ಅಲ್ಯುಮಿನಿಯಮ್ ತುಂಡು ಇರುತ್ತದೆ. ಈ ರೆಕ್ಕೆಗಳು ಬಹಳ ದಟ್ಟವಾಗಿದ್ದರೆ ದೊಡ್ಡ ಫ್ಯಾನಿನ ಮೆಲುಗಾಳಿಯು ಅವುಗಳ ನಡುವೆ ನುಗ್ಗದೆ ಸುತ್ತಿಕೊಂಡು ಹೋಗುತ್ತದೆ. ಆದುದರಿಂದ ಮೆಲುಗಾಳಿಗೆ ವಿರಳವಾದ ರೆಕ್ಕೆಗಳೂ ಅಗಲವಾದ ದಾರಿಯೂ ಬೇಕು. ಫ್ಯಾನನ್ನು ಬದಲಾಯಿಸಿ ಗಾಳಿಯ ದಾರಿಯನ್ನು ಮರೆತವನು ಸದ್ದಿನ ಜೊತೆಗೆ ಯಂತ್ರವನ್ನೂ ಕಳೆದುಕೊಳ್ಳುವನು.

ದಾರಿಯ ವಿಷಯದಲ್ಲಿ ಗಾಳಿಯು ನೀರಿನಂತೆಯೇ ವರ್ತಿಸುತ್ತದೆ. ತೋಡಿನ ನೀರು ಸಮವಾದ ನೆಲದಲ್ಲಿ ಸದ್ದಿಲ್ಲದೆ ಹರಿದು, ಕಲ್ಲುಗಳ ನಡುವೆ ಮೊರೆಯುವಂತೆ, ಗಾಳಿಯೂ ಅಡ್ಡಿಗಳಿಗೆ ಬಡಿದಾಗ ಸುಳಿಗಳೆದ್ದು ಸದ್ದುಮಾಡುತ್ತದೆ. ಫ್ಯಾನಿನ ಎಲೆಗಳಿಗೆ ತೀರ ಹತ್ತಿರದಲ್ಲಿ ತಗಡಿನಲ್ಲಿ ತೂತು ಕೊರೆದ ಜಾಲರಿ ಇದ್ದರೆ ಸದ್ದು ಹೆಚ್ಚುತ್ತದೆ. ಅದರ ಬದಲು ಸಣ್ಣ ಸರಿಗೆಯ ಕಾಪುಜಾಲರಿಯನ್ನು ಹಾಕಿ, ಎಲೆಗಳಿಂದ ಒಂದಿಷ್ಟು ದೂರದಲ್ಲಿ ನಿಲ್ಲಿಸಿದರೆ ಗಾಳಿಯೂ ಹೆಚ್ಚುತ್ತದೆ, ಸದ್ದೂ ಇಳಿಯುತ್ತದೆ. ಗಾಳಿಯು ಒಳಬರುವ ಬಾಗಿಲಿನ ಮುಂದೆ ಪುಸ್ತಕಗಳನ್ನೋ ತಂತಿಗಳ ಕಟ್ಟನ್ನೋ ಇಡಬಾರದು. ಹೊರಬಂದ ಬಿಸಿಗಾಳಿಯು ತಿರುಗಿ ಒಳಗೆ ಹೋಗದಂತೆಯೂ ನೋಡಿಕೊಳ್ಳಬೇಕು.

ಗಾಳಿಯ ಸದ್ದಿನಂತೆಯೇ ಲೋಹದ ಸದ್ದೂ ಒಂದುಂಟು. ಉಡುಪಿಯ ಸೀಮೆಯ ಮಕ್ಕಳಿಗೆ ಯಕ್ಷಗಾನದ ಚೆಂಡೆಯ ಪರಿಚಯವಿದ್ದೇ ಇರುತ್ತದೆ. ತೆಳ್ಳಗಿನ ಕೋಲು ತಾನಾಗಿ ಗಾಳಿಯಲ್ಲಿ ಬೀಸಿದರೆ ಹೆಚ್ಚು ಸದ್ದಾಗದು. ಬಿಗಿದ ತೊಗಲಿಗೆ ತಾಗಿದಾಗ ಮಾತ್ರ ಅದರ ದನಿ ಬಯಲನ್ನೆಲ್ಲ ತುಂಬುತ್ತದೆ. ಅಗಲವಾದ ತೊಗಲು ಹೆಚ್ಚು ಗಾಳಿಯನ್ನು ಅಲುಗಿಸುವುದೇ ಇದಕ್ಕೆ ಕಾರಣ. ಫ್ಯಾನನ್ನು ವರ್ಧಕದ ತಗಡಿನ ಪೆಟ್ಟಿಗೆಗೆ ತಿರುಪಿನಿಂದ ಬಿಗಿದಾಗ, ಫ್ಯಾನು ಕೋಲಿನಂತೆಯೂ ತಗಡು ಚೆಂಡೆಯ ತೊಗಲಿನಂತೆಯೂ ಆಗುತ್ತವೆ. ತಗಡಿನ ಸಹಜ ಕಂಪನಕ್ಕೂ ಫ್ಯಾನಿನ ಕಂಪನಕ್ಕೂ ಹೊಂದಿಕೆಯಾದರಂತೂ ಅನುನಾದವುಂಟಾಗಿ ಪೆಟ್ಟಿಗೆಯೆಲ್ಲ ಗುಂಯ್‌ಗುಡುತ್ತದೆ. ಫ್ಯಾನು ಮತ್ತು ತಗಡಿನ ನಡುವೆ ಮೆತ್ತನೆಯ ರಬ್ಬರ್ ಗುಂಡಿಗಳನ್ನು ಇಡುವುದು, ಪೆಟ್ಟಿಗೆಯ ಕಾಲುಗಳಿಗೆ ರಬ್ಬರ್ ತೊಡಿಸುವುದು, ಇವುಗಳಿಂದ ಈ ನಂಟನ್ನು ಕಡಿಯಬಹುದು. ಖರ್ಚು ಕೆಲವೇ ರೂಪಾಯಿ.

ಫ್ಯಾನು ಸದಾ ಒಂದೇ ವೇಗದಿಂದ ತಿರುಗಬೇಕೆಂಬ ನಿಯಮವಿಲ್ಲ. ಹವ್ಯಾಸಿಯ ಸಂಭಾಷಣೆಯಲ್ಲಿ ಒಬ್ಬನು ಮಾತನಾಡುವಾಗ ಇನ್ನೊಬ್ಬನು ಕೇಳುತ್ತಾನೆ. ಮಾತನಾಡುವಾಗ ವರ್ಧಕವು ಬಿಸಿಯಾಗುತ್ತದೆ. ಕೇಳುವಾಗ ಅದಕ್ಕೆ ವಿರಾಮ. ಕಾರ್ಕಳದಲ್ಲಿ 1432ರಲ್ಲಿ ಪ್ರತಿಷ್ಠಾಪಿತವಾದ 42 ಅಡಿ ಎತ್ತರದ ಗೊಮ್ಮಟಮೂರ್ತಿ ನಿಂತಿರುವ ಹೆಬ್ಬಂಡೆಯ ಬೆಟ್ಟವನ್ನು ಸಂಜೆಯ ಹೊತ್ತಿನಲ್ಲಿ ಬರಿಗಾಲಿನಿಂದ ಹತ್ತಿದವರು ಬಲ್ಲರು, ಸೂರ್ಯನು ಮುಳುಗಿದರೂ ಕಲ್ಲು ಬೆಚ್ಚಗಿರುತ್ತದೆ. ಹಗಲೆಲ್ಲ ಕೂಡಿಟ್ಟ ಉಷ್ಣವನ್ನು ಅದು ಮೆಲ್ಲಮೆಲ್ಲನೆ ಬಿಟ್ಟುಕೊಡುತ್ತದೆ. ಭಾರವಾದ ಹೀಟ್ ಸಿಂಕ್ ಕೂಡ ಇದೇ ರೀತಿಯ ಉಗ್ರಾಣ. 3 ಕಿಲೋಗ್ರಾಂ ಅಲ್ಯುಮಿನಿಯಮ್ 300 ವಾಟ್ ಉಷ್ಣವನ್ನು ಹೀರಿದರೆ, ಗಾಳಿಯೇ ಇಲ್ಲದಿದ್ದರೂ, ಸುಮಾರು 9 ಸೆಕೆಂಡಿಗೆ ಒಂದು ಡಿಗ್ರಿಯಂತೆ ಏರುತ್ತದೆ. ಎರಡು ನಿಮಿಷಗಳ ಮಾತಿಗೆ 13 ಡಿಗ್ರಿಯಷ್ಟೇ. ಈ ಉಷ್ಣವನ್ನು ಕೂಡಲೇ ಹೊರಹಾಕಬೇಕೆಂದು ಫ್ಯಾನನ್ನು ಅಬ್ಬರಿಸಗೊಡುವ ಅಗತ್ಯವಿಲ್ಲ. ಮಾತು ಮತ್ತು ಕೇಳುವಿಕೆ ಸಮವಾಗಿ ಹಂಚಿಕೊಂಡಿದ್ದರೆ ಸರಾಸರಿ ಉಷ್ಣವು 150 ವಾಟ್ ಮಾತ್ರ. ಅಷ್ಟನ್ನು ಸತತವಾದ ಮೆಲುಗಾಳಿಯೇ ಸಾಗಿಸಬಲ್ಲುದು. ಹೀಟ್ ಸಿಂಕಿಗೆ ಉಷ್ಣತೆಯನ್ನು ಅರಿಯುವ ಸಣ್ಣ ಉಪಕರಣವನ್ನು ಅಂಟಿಸಿ, ಬಿಸಿಯು ಏರಿದಂತೆ ವೇಗವೂ ಏರುವ ಏರ್ಪಾಡು ಮಾಡಿದರೆ ಫ್ಯಾನು ಬೇಕಾದಾಗ ಮಾತ್ರ ದನಿಯೆತ್ತುತ್ತದೆ. ಆದರೆ ಮೋರ್ಸ್ ಸಂಕೇತಗಳನ್ನೋ ಗಣಕಯಂತ್ರದ ಸಂಕೇತಗಳನ್ನೋ ಬಹಳ ಹೊತ್ತು ಕಳುಹಿಸುವವನಿಗೆ ಈ ವಿರಾಮವು ಸಾಲದು. ಅವನು ಪೂರ್ಣ ಉಷ್ಣಕ್ಕೇ ಲೆಕ್ಕಹಾಕಬೇಕು.

ವಾಲ್ವುಗಳಿಂದ ಕೆಲಸಮಾಡುವ ವರ್ಧಕಗಳ ವಿಷಯದಲ್ಲಿ ಈ ಸ್ವಾತಂತ್ರ್ಯ ಕಡಿಮೆ. 4ಸಿಎಕ್ಸ್250ಬಿ ಎಂಬ ಸೆರಾಮಿಕ್ ವಾಲ್ವಿನ ಬೆಸುಗೆಗಳು 250 ಡಿಗ್ರಿಯನ್ನು ಮೀರಬಾರದು. ಅದರ ಒಳಗಿನ ತಂತಿಯು ಕಾದಿರುವವರೆಗೆ, ಮಾತಿಲ್ಲದ ವೇಳೆಯಲ್ಲೂ, ಗಾಳಿ ಬೀಸುತ್ತಲೇ ಇರಬೇಕು. ವರ್ಧಕವನ್ನು ನಿಲ್ಲಿಸಿದ ಮೇಲೂ ಕೆಲವು ನಿಮಿಷ ಫ್ಯಾನನ್ನು ತಿರುಗಗೊಡುವುದು ಒಳ್ಳೆಯ ಅಭ್ಯಾಸ. ಇಂತಹ ಯಂತ್ರಗಳೊಳಗೆ ಸಾವಿರಾರು ವೋಲ್ಟುಗಳ ವಿದ್ಯುತ್ತು ಇರುತ್ತದೆ. ತಂತಿಯನ್ನು ಕಳಚಿದ ಮೇಲೂ ಕೆಪಾಸಿಟರುಗಳಲ್ಲಿ ಅದು ಉಳಿದಿರಬಹುದಾದುದರಿಂದ, ಅನುಭವಸ್ಥರ ನೆರವಿಲ್ಲದೆ ಯಾರೂ ಇವುಗಳ ಮುಚ್ಚಳವನ್ನು ತೆರೆಯಕೂಡದು.

ಸ್ಥಳದ ಗುಣವನ್ನು ಅರಿಯದೆ ಫ್ಯಾನನ್ನು ಆರಿಸಲಾಗದು. ಕಾಪುವಿನ ಕಡಲತಡಿಯಲ್ಲಿ ಗಾಳಿಯು ಉಪ್ಪಿನ ಕಣಗಳನ್ನು ಹೊತ್ತು ತರುತ್ತದೆ. ಉಪ್ಪು ತೇವವನ್ನು ಹೀರಿ, ಬೇರಿಂಗ್‌ಗಳನ್ನೂ ತಿರುಪುಗಳನ್ನೂ ತುಕ್ಕು ಹಿಡಿಸುತ್ತದೆ. ಒಂದು ಮಳೆಗಾಲದ ಹಿಂದೆ ಮೆಲ್ಲನೆ ತಿರುಗುತ್ತಿದ್ದ ಫ್ಯಾನು ಕಿರುಗುಟ್ಟತೊಡಗುತ್ತದೆ. ಮಣಿಪಾಲವು ಮುರಕಲ್ಲಿನ ಗುಡ್ಡದ ಮೇಲಿನ ಊರು. ಒಣ ತಿಂಗಳುಗಳಲ್ಲಿ ಅಲ್ಲಿಯ ಕೆಂಪು ಧೂಳು ರೆಕ್ಕೆಗಳ ಸಂದುಗಳಲ್ಲಿ ಕಂಬಳಿಯಂತೆ ಕೂರಬಲ್ಲುದು. ಧೂಳನ್ನು ತಡೆಯಲು ಸ್ಪಂಜಿನ ಸೋಸುಪರದೆಯನ್ನು ಹಾಕಬಹುದು. ಆದರೆ ಚಿಕ್ಕ ಪರದೆಯು ಬೇಗ ಕಟ್ಟಿಕೊಂಡು ಗಾಳಿಯನ್ನೇ ತಡೆಯುತ್ತದೆ. ಫ್ಯಾನಿನ ಬಾಯಿಗಿಂತ ಹಲವು ಪಟ್ಟು ಅಗಲವಾದ ಪರದೆಯನ್ನಿಟ್ಟು ಆಗಾಗ ತೊಳೆಯುವುದು ಲೇಸು. ಪಶ್ಚಿಮ ಘಟ್ಟಗಳಿಗೆ ಹತ್ತಿರವಾದ ಕಾರ್ಕಳದಲ್ಲಿ ಜಡಿಮಳೆಯ ತಿಂಗಳುಗಳು ದೀರ್ಘ. ಹಂಚಿನ ಮೇಲೆ ಸುರಿಯುವ ಮಳೆಯ ಸದ್ದು ಫ್ಯಾನಿನ ಸದ್ದನ್ನು ಮೀರಿದರೂ, ತೇವವು ಯಂತ್ರದೊಳಗೆ ಬೂಷ್ಟನ್ನು ಬೆಳೆಸುತ್ತದೆ. ಉಡುಪಿಯ ಪೇಟೆಯ ನಡುವೆ ಹಗಲಿನಲ್ಲಿ ವಾಹನಗಳ ಗದ್ದಲದಿಂದಾಗಿ ಫ್ಯಾನಿನ ಸದ್ದು ಗಮನಕ್ಕೆ ಬಾರದು. ದೂರದ ದೇಶಗಳ ದನಿಗಳು ಬರುವ ರಾತ್ರಿಯ ವೇಳೆಯಲ್ಲಿ ಊರು ಮಲಗಿದಾಗ ಅದು ಎದ್ದುಕಾಣುತ್ತದೆ. ಆದುದರಿಂದ ಯಂತ್ರವನ್ನು ಅಂಗಡಿಯಲ್ಲಿ ಕೇಳಿ ಮೆಚ್ಚುವುದು ಸಾಲದು. ಅದು ಇರಬೇಕಾದ ಕೋಣೆಯಲ್ಲಿ, ಅದು ಕೆಲಸಮಾಡಬೇಕಾದ ಹೊತ್ತಿನಲ್ಲಿ ಕೇಳಬೇಕು.

ಸದ್ದನ್ನು ತಾಳಲಾರದೆ ಕೆಲವರು ವರ್ಧಕವನ್ನು ಕಪಾಟಿನೊಳಗೆ ಇಟ್ಟು ಬಾಗಿಲು ಮುಚ್ಚುವುದುಂಟು. ಇದು ರೋಗಕ್ಕಿಂತ ಕೆಟ್ಟ ಔಷಧ. ಮುಚ್ಚಿದ ಕಪಾಟಿನಲ್ಲಿ ಅದೇ ಗಾಳಿಯು ಸುತ್ತಿಸುತ್ತಿ ಬಿಸಿಯಾಗುತ್ತ ಹೋಗಿ, ಫ್ಯಾನು ಇನ್ನೂ ರಭಸದಿಂದ ತಿರುಗಿ, ಕಡೆಗೆ ಯಂತ್ರವೇ ಕೆಡುತ್ತದೆ. ಅದರ ಬದಲು ವರ್ಧಕವನ್ನು ಮೇಜಿನಿಂದ ದೂರಕ್ಕೆ ಸರಿಸುವುದು ಉತ್ತಮ. ತೆರೆದ ಬಯಲಿನಲ್ಲಿ ದೂರವು ಎರಡರಷ್ಟಾದರೆ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಗೋಡೆಗಳು ಸದ್ದನ್ನು ಹಿಂದಕ್ಕೆ ಎಸೆಯುವ ಕೋಣೆಯಲ್ಲಿ ಇಷ್ಟು ಲಾಭವಾಗದಿದ್ದರೂ ಒಂದಿಷ್ಟು ಆಗಿಯೇ ಆಗುತ್ತದೆ. ಮೈಕಿನ ವಿಷಯದಲ್ಲಿ ಇದೇ ನಿಯಮವನ್ನು ತಿರುಗಿಸಿ ಬಳಸಬಹುದು. 20 ಸೆಂಟಿಮೀಟರ್ ದೂರದಲ್ಲಿದ್ದ ಮೈಕನ್ನು ಬಾಯಿಗೆ 5 ಸೆಂಟಿಮೀಟರ್ ಹತ್ತಿರಕ್ಕೆ ತಂದರೆ ಮಾತಿನ ಸದ್ದು 12 ಡೆಸಿಬೆಲ್ ಏರುತ್ತದೆ. ಫ್ಯಾನಿನ ಸದ್ದು ಇದ್ದಷ್ಟೇ ಇರುತ್ತದೆ. ಮುಂದಿನಿಂದ ಬರುವ ಧ್ವನಿಯನ್ನು ಮಾತ್ರ ಚೆನ್ನಾಗಿ ಹಿಡಿಯುವ ಮೈಕಿದ್ದರೆ ಅದರ ಬೆನ್ನನ್ನು ಫ್ಯಾನಿನ ಕಡೆಗೆ ತಿರುಗಿಸಿಡಬೇಕು.

ಕಿವಿಗೆ ಕೇಳಿಸದ ಇನ್ನೊಂದು ಬಗೆಯ ಸದ್ದನ್ನೂ ಇಲ್ಲಿ ಹೇಳಬೇಕು. ಈಚಿನ ಫ್ಯಾನುಗಳಲ್ಲಿ ವಿದ್ಯುತ್ತನ್ನು ಕ್ಷಣಕ್ಷಣಕ್ಕೂ ಹಚ್ಚಿ ಆರಿಸುವ ಇಲೆಕ್ಟ್ರಾನಿಕ್ ಮಂಡಲವಿರುತ್ತದೆ. ಇದು ದುರ್ಬಲವಾದ ಬಾನುಲಿ ಅಲೆಗಳನ್ನು ಹೊರಸೂಸಿ, ಗ್ರಾಹಕದಲ್ಲಿ ಚರಚರ ಸದ್ದನ್ನು ಉಂಟುಮಾಡಬಹುದು. ಫ್ಯಾನು ಕಿವಿಗೆ ಮೌನವಾಗಿದ್ದರೂ ಬಾನುಲಿಗೆ ಗದ್ದಲವಾಗಿರುವ ವಿಚಿತ್ರ ಇದು. ಫ್ಯಾನಿನ ತಂತಿಯನ್ನು ಫೆರೈಟ್ ಬಳೆಗೆ ಕೆಲವು ಸುತ್ತು ಸುತ್ತಿ, ಸಣ್ಣ ಕೆಪಾಸಿಟರನ್ನು ಜೋಡಿಸಿದರೆ ಇದು ಬಹುಮಟ್ಟಿಗೆ ಅಡಗುತ್ತದೆ. ಕೋಣೆಯ ಫ್ಯಾನನ್ನು ಒಂದು ನಿಮಿಷ ನಿಲ್ಲಿಸಿ, ಗ್ರಾಹಕದ ಸದ್ದಿನಲ್ಲಿ ವ್ಯತ್ಯಾಸವಾಗುವುದೇ ಎಂದು ಕೇಳಿನೋಡುವುದೇ ಇದಕ್ಕೆ ಸುಲಭವಾದ ಪರೀಕ್ಷೆ.

ಹೀಗೆ ಉಪಾಯಗಳು ಅನೇಕ. ಅವುಗಳನ್ನು ಅನುಸರಿಸುವ ಕ್ರಮ ಮಾತ್ರ ಒಂದೇ. ಮೊದಲು ಉಷ್ಣವನ್ನು ಅಳೆಯಬೇಕು. ಗಾಳಿಯು ಒಳಹೋಗುವಲ್ಲಿ ಒಂದು ಉಷ್ಣತಾಮಾಪಕವನ್ನೂ ಹೊರಬರುವಲ್ಲಿ ಒಂದನ್ನೂ ಇಟ್ಟು, ಮಾತನಾಡುವಾಗ ಅವುಗಳ ಅಂತರವು ಎಷ್ಟೆಂದು ಬರೆದಿಡಬೇಕು. ಬಳಿಕ ಗಾಳಿಯ ದಾರಿಯನ್ನು ಸರಾಗಗೊಳಿಸಬೇಕು. ಆಮೇಲೆ ಫ್ಯಾನಿನ ವೇಗವನ್ನು ಸ್ವಲ್ಪಸ್ವಲ್ಪವಾಗಿ ತಗ್ಗಿಸಿ, ಪ್ರತಿ ಸಲವೂ ಮಾಪಕವನ್ನು ನೋಡಬೇಕು. ಬಹಳ ತಗ್ಗಿಸಿದರೆ ಫ್ಯಾನು ತಿರುಗುತ್ತಿರುವಾಗ ತಿರುಗಿದರೂ, ನಿಂತದ್ದು ಪುನಃ ಹೊರಡಲಾರದೆ ಹೋಗಬಹುದೆಂಬುದನ್ನೂ ಪರೀಕ್ಷಿಸಬೇಕು. ಈ ಕ್ರಮವನ್ನು ತಲೆಕೆಳಗು ಮಾಡಿ ಸದ್ದನ್ನೇ ಮೊದಲು ಅಡಗಿಸಹೊರಟರೆ ಯಂತ್ರದ ಜೀವಕ್ಕೆ ಸಂಚಕಾರ.

ಇನ್ನೊಂದು ದೃಷ್ಟಿಯಿಂದ ನೋಡಿದರೆ ಫ್ಯಾನಿನ ಸದ್ದು ಶತ್ರು ಮಾತ್ರವಲ್ಲ, ದೂತನೂ ಹೌದು. ದಿನವೂ ಕೇಳುವ ಸದ್ದಿನಲ್ಲಿ ಹೊಸದೊಂದು ಕಿರುಗುಟ್ಟುವಿಕೆ ಸೇರಿದರೆ ಬೇರಿಂಗ್ ಸವೆದಿದೆಯೆಂದು ತಿಳಿಯಬೇಕು. ಎರಡು ಫ್ಯಾನುಗಳ ಸದ್ದು ಸಮನಾಗಿ ಇರದೆ ಅಲೆಯಲೆಯಾಗಿ ಏರಿಳಿಯತೊಡಗಿದರೆ ಅವುಗಳಲ್ಲೊಂದರ ವೇಗವು ತುಸು ಬದಲಾಗಿದೆಯೆಂದು ಅರ್ಥ. ಕಾರಣವಿಲ್ಲದೆ ಸದ್ದು ಏರಿದರೆ ಪರದೆಯು ಕಟ್ಟಿಕೊಂಡಿರಬಹುದು. ಎಲ್ಲ ಸದ್ದೂ ಒಮ್ಮೆಲೇ ನಿಂತುಹೋದರೆ ಅದು ಸಂತೋಷಪಡುವ ಸಮಯವಲ್ಲ. ಕೂಡಲೇ ಪ್ರಸಾರವನ್ನು ನಿಲ್ಲಿಸುವ ಸಮಯ.

2020ನೆಯ ಇಸವಿಯ ಸೆಪ್ಟೆಂಬರ್ ತಿಂಗಳಿನಲ್ಲಿ ಉಡುಪಿ ಜಿಲ್ಲೆಯು ಭಾರಿ ಮಳೆಯಿಂದಲೂ ನೆರೆಯಿಂದಲೂ ತತ್ತರಿಸಿತು. ಅಂತಹ ದಿನಗಳಲ್ಲಿ ವಿದ್ಯುತ್ತು ನಿಲ್ಲುವುದು, ಟೆಲಿಫೋನು ಕೆಡುವುದು ಕರಾವಳಿಯವರಿಗೆ ಹೊಸದಲ್ಲ. ಆಗ ಬ್ಯಾಟರಿಯ ಮಿತವಾದ ಶಕ್ತಿಯಿಂದ ಮಾತನಾಡಬೇಕಾದ ಹವ್ಯಾಸಿಗೆ, ಅರ್ಧ ವೇಗದ ಫ್ಯಾನು ಎಂಟನೆಯ ಒಂದು ಪಾಲು ವಿದ್ಯುತ್ತಿನಿಂದಲೇ ತಿರುಗುತ್ತದೆ ಎಂಬುದೂ ಸಣ್ಣ ಲಾಭವಲ್ಲ. ತನ್ನ ಯಂತ್ರದ ಉಷ್ಣವೆಷ್ಟು, ಅದಕ್ಕೆ ಬೇಕಾದ ಗಾಳಿಯೆಷ್ಟು ಎಂಬುದನ್ನು ಬಿಡುವಿನ ದಿನಗಳಲ್ಲಿ ಅಳೆದು ತಿಳಿದಿಟ್ಟುಕೊಂಡವನ ಕೋಣೆಯಲ್ಲಿ ಯಂತ್ರವು ತಂಪಾಗಿಯೂ ಕಿವಿಯು ಎಚ್ಚರವಾಗಿಯೂ ಇರುತ್ತವೆ. ದೂರದಿಂದ ಬರುವ ಕ್ಷೀಣವಾದ ಕರೆಯೊಂದು ಕೇಳಿಸದೆ ಹೋಗದಿರಲು ಇವೆರಡೂ ಬೇಕು.